ಇ.ಜಿ.ಆರ್. ಉಷ್ಣತಾ ಸೆನ್ಸರ್ ದೋಷ: ಬಿಡಿಭಾಗ ಕೊಳ್ಳುವ ಮುನ್ನ ಪರೀಕ್ಷೆ ಅಗತ್ಯ

ಬೇಡಕಿಹಾಳ, ನಿಪ್ಪಾಣಿ, ಚಿಕ್ಕೋಡಿ ಭಾಗದ ಅನೇಕ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಮಾಲು ಸಾಗಣೆಗೆ ಸ್ವಂತ ಡೀಸೆಲ್ ವಾಹನಗಳನ್ನೇ ನೆಚ್ಚಿಕೊಂಡಿದ್ದಾರೆ. ತವಂದಿ ಘಾಟಿನ ಏರಿನಲ್ಲಿ ಎಂಜಿನ್ ದೀಪ ಹೊತ್ತಿ ವಾಹನದ ಬಲ ಕುಂದಿದರೆ ಮಾಲು ವೇಳೆಗೆ ತಲುಪದು. ಇಂತಹ ಸಂದರ್ಭಗಳಲ್ಲಿ ಕಾಣಿಸಿಕೊಳ್ಳುವ ದೋಷಗಳಲ್ಲಿ ಇ.ಜಿ.ಆರ್. ಉಷ್ಣತಾ ಸೆನ್ಸರಿನದೂ ಒಂದು.

ಕಾರ್ಯವಿಧಾನ

ಎಂಜಿನ್ ಹೊರಬಿಡುವ ಹೊಗೆಯ ಒಂದು ಪಾಲನ್ನು ಪುನಃ ಒಳಗಾಳಿಯೊಡನೆ ಬೆರೆಸುವ ವ್ಯವಸ್ಥೆಯೇ ಇ.ಜಿ.ಆರ್. ಇದರಿಂದ ದಹನದ ಉಷ್ಣತೆ ತಗ್ಗಿ, ವಿಷಕಾರಿ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗುತ್ತವೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಬಿ.ಎಸ್.-6 ನಿಯಮಗಳ ತರುವಾಯ ಇದರ ಮೇಲಿನ ನಿಗಾ ಬಿಗಿಯಾಗಿದೆ. ಕೆಲವು ಎಂಜಿನ್ನುಗಳಲ್ಲಿ ಮರಳಿ ಬರುವ ಹೊಗೆಯ ಬಿಸಿಯನ್ನು ಅಳೆಯಲು ಪ್ರತ್ಯೇಕ ಸೆನ್ಸರ್ ಇರುತ್ತದೆ. ಸಾಮಾನ್ಯವಾಗಿ ಬಿಸಿ ಏರಿದಂತೆ ಇದರ ವಿದ್ಯುತ್ ಪ್ರತಿರೋಧ ಇಳಿಯುತ್ತದೆ. ಪ್ಲಾಟಿನಂ ಬಗೆಯದರಲ್ಲಿ ಮಾತ್ರ ಏರುತ್ತದೆ.

ಸಂಕೇತದ ಅರ್ಥ

ಸ್ಕ್ಯಾನರಿನಲ್ಲಿ ಪಿ041ಎ ಎಂಬ ಸಂಕೇತವು ಈ ಸೆನ್ಸರಿನ ಸರ್ಕಿಟ್ಟಿನ ದೋಷವನ್ನೂ, ಪಿ041ಬಿ ಅಸಂಗತ ಅಳತೆಯನ್ನೂ, ಪಿ041ಸಿ ಹಾಗೂ ಪಿ041ಡಿ ಕ್ರಮವಾಗಿ ಕಡಿಮೆ ಹಾಗೂ ಅಧಿಕ ವೋಲ್ಟೇಜನ್ನೂ ಸೂಚಿಸುತ್ತವೆ. ಸಂಕೇತವು ದೋಷವಿರುವ ಸರ್ಕಿಟ್ಟನ್ನು ಹೇಳುತ್ತದೆಯೇ ಹೊರತು, ಕೆಟ್ಟಿರುವ ಭಾಗವನ್ನಲ್ಲ. ಸಂಕೇತ ಕಂಡೊಡನೆ ಹೊಸ ಸೆನ್ಸರ್ ಕೊಳ್ಳುವುದರಿಂದ ಅನೇಕ ವೇಳೆ ಹಣ ವ್ಯರ್ಥವಾಗುತ್ತದೆ.

ಪರೀಕ್ಷಾ ಕ್ರಮ

1. ರಾತ್ರಿಯಿಡೀ ನಿಂತ ವಾಹನದಲ್ಲಿ, ಎಂಜಿನ್ ಚಾಲೂ ಮಾಡುವ ಮುನ್ನ, ಸ್ಕ್ಯಾನರಿನಲ್ಲಿ ಇ.ಜಿ.ಆರ್., ಕೂಲಂಟ್ ಹಾಗೂ ಒಳಗಾಳಿಯ ಉಷ್ಣತೆಗಳನ್ನು ಹೋಲಿಸಬೇಕು. ಮೂರೂ ಹೆಚ್ಚುಕಡಿಮೆ ಒಂದೇ ಆಗಿರಬೇಕು.

2. ವೈರುಗಳು ಬಿಸಿ ಕೊಳವೆಗೆ ತಗುಲಿ ಸುಟ್ಟಿವೆಯೇ, ಇಲಿ ಕಡಿದಿದೆಯೇ, ಕನೆಕ್ಟರಿನಲ್ಲಿ ತುಕ್ಕು ಅಥವಾ ನೀರು ಇದೆಯೇ ಎಂದು ನೋಡಬೇಕು.

3. ಇಗ್ನಿಷನ್ ಆರಿಸಿ ಸೆನ್ಸರ್ ಕಳಚಿ, ಮಲ್ಟಿಮೀಟರಿನಿಂದ ಪ್ರತಿರೋಧ ಅಳೆಯಬೇಕು. ಹಂತಹಂತವಾಗಿ ಬಿಸಿ ಮಾಡಿದಾಗ ಅಳತೆಯು ತಡೆಯಿಲ್ಲದೆ ಬದಲಾಗಬೇಕು ಹಾಗೂ ತಯಾರಕರ ಕೋಷ್ಟಕಕ್ಕೆ ಹೊಂದಬೇಕು. ಹೊಂದದಿದ್ದರೆ ಮಾತ್ರ ಸೆನ್ಸರ್ ಬದಲಿಸತಕ್ಕದ್ದು.

4. ಸೆನ್ಸರ್ ಸರಿಯಿದ್ದರೆ, ಅಲ್ಲಿಂದ ಎಂಜಿನ್ ಕಂಪ್ಯೂಟರಿನವರೆಗೆ ವೈರುಗಳ ಸಂಪರ್ಕ ಅಖಂಡವಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಸೆನ್ಸರ್ ನಿಜ ನುಡಿಯುವಾಗ

ಇ.ಜಿ.ಆರ್. ಕವಾಟ ಅಥವಾ ಕೂಲರಿನಲ್ಲಿ ಮಸಿ ಕಟ್ಟಿಕೊಂಡರೆ ಬಿಸಿ ಹೊಗೆ ಸೆನ್ಸರನ್ನು ತಲುಪುವುದೇ ಇಲ್ಲ. ಆಗ ಅದು ಕಡಿಮೆ ಉಷ್ಣತೆ ತೋರಿಸುವುದು ಸಹಜ. ಹರಿವು ಸಾಲದೆಂಬ ಪಿ0401 ಸಂಕೇತವೂ ಜೊತೆಗಿದ್ದರೆ ಮೊದಲು ಮಾರ್ಗವನ್ನು ಶುಚಿಗೊಳಿಸುವುದು ಲೇಸು. ಕವಾಟವು ನಿಷ್ಕ್ರಿಯ ವೇಗದಲ್ಲಿ ಹಾಗೂ ಪೂರ್ಣ ಭಾರದಲ್ಲಿ ಮುಚ್ಚಿರಬಹುದಾದ್ದರಿಂದ, ಹರಿವಿನ ಪರೀಕ್ಷೆಯನ್ನು ಎಂಜಿನ್ ಕಾದ ಬಳಿಕ ಮಧ್ಯಮ ವೇಗದಲ್ಲಿ ನಡೆಸಬೇಕು.

ಎಚ್ಚರಿಕೆ

ಕೆಲವರು ಸುಲಭೋಪಾಯವೆಂದು ತಗಡಿನ ತುಂಡಿನಿಂದ ಇ.ಜಿ.ಆರ್. ಮಾರ್ಗವನ್ನೇ ಮುಚ್ಚಿಸುತ್ತಾರೆ. ಇದರಿಂದ ಮಾಲಿನ್ಯ ಹೆಚ್ಚುವುದಲ್ಲದೆ, ಬೇರೆ ಸಂಕೇತಗಳು ಮೂಡಿ ಎಂಜಿನ್ ಮತ್ತೆ ಬಲ ಕಳೆದುಕೊಳ್ಳಬಹುದು. ವಾರಂಟಿಗೂ ಕುತ್ತು ಬರಬಹುದು. ವಾಯುಮಾಲಿನ್ಯ ಮಾನದಂಡಗಳ ಉಲ್ಲಂಘನೆಯು ಮೋಟಾರು ವಾಹನ ಕಾಯಿದೆಯ 190(2)ನೇ ಕಲಮಿನ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು.

ದುರಸ್ತಿಯ ನಂತರ ಸಂಕೇತವನ್ನು ಅಳಿಸಿ, ವಾಹನವನ್ನು ರಸ್ತೆಯಲ್ಲಿ ಓಡಿಸಿ, ಅದು ಮರುಕಳಿಸದಿರುವುದನ್ನು ದೃಢಪಡಿಸಿಕೊಂಡೇ ಬಿಲ್ಲು ಪಾವತಿಸುವುದು ಸೂಕ್ತ. ಪರೀಕ್ಷೆಯ ಅಳತೆಗಳನ್ನು ಬಿಲ್ಲಿನಲ್ಲಿ ಬರೆಸಿಕೊಂಡರೆ ಮುಂದಿನ ದುರಸ್ತಿಗೂ ಅನುಕೂಲವಾಗುತ್ತದೆ. ಕಬ್ಬು ನುರಿಸುವ ಹಂಗಾಮಿಗೆ ಮುನ್ನವೇ ಈ ತಪಾಸಣೆ ಮುಗಿಸಿದ ಮಾಲೀಕರಿಗೆ, ದುಡಿಮೆಯ ದಿನಗಳಲ್ಲಿ ವಾಹನ ಗ್ಯಾರೇಜಿನಲ್ಲಿ ನಿಲ್ಲುವ ನಷ್ಟ ತಪ್ಪಬಹುದು.