ಕಡಿತ, ಕುಟುಕು ಮತ್ತು ನೋವಿನ ಲೆಕ್ಕ: ಘಟ್ಟದ ದಾರಿಯ ಕೆಲವು ತಪ್ಪು ಕಲ್ಪನೆಗಳು

ಪ್ರಾಣಿಯೊಂದು ಕಚ್ಚಿದಾಗ ಅಪಾಯ ಎಷ್ಟೆಂಬುದನ್ನು ಜನರು ಸಾಮಾನ್ಯವಾಗಿ ನೋವು, ರಕ್ತ ಮತ್ತು ಆ ಪ್ರಾಣಿಯ ಗಾತ್ರ ಎಂಬ ಮೂರು ಗುರುತುಗಳಿಂದ ನಿರ್ಧರಿಸುತ್ತಾರೆ. ಉಷ್ಣವಲಯದ ಕಾಡುಗಳಲ್ಲಿ, ಅದರಲ್ಲೂ ಪಶ್ಚಿಮ ಘಟ್ಟದ ಸೀಮೆಯಲ್ಲಿ, ಈ ಮೂರೂ ಗುರುತುಗಳು ಪದೇ ಪದೇ ದಾರಿ ತಪ್ಪಿಸುತ್ತವೆ. ಪ್ರವಾಸಿಗರಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟಿರುವುದೂ ಇವುಗಳಿಂದಲೇ.

ಮಳೆಗಾಲದಲ್ಲಿ ಆಗುಂಬೆ, ಕುದುರೆಮುಖ ಅಥವಾ ಕೊಡಗಿನ ಕಾಡುದಾರಿಗಳಲ್ಲಿ ನಡೆಯುವವರು ಹಾವಿಗಿಂತಲೂ ಹೆಚ್ಚಾಗಿ ಹೆದರುವುದು ಇಂಬಳಕ್ಕೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿರುವುದರಿಂದ ಇಂಬಳ ಉದುರಿಹೋದ ಮೇಲೂ ಗಾಯ ಬಹಳ ಹೊತ್ತು ಒಸರುತ್ತದೆ; ಆದರೆ ಅದನ್ನು ಸೋಪಿನಿಂದ ತೊಳೆದು, ಸ್ವಲ್ಪ ಹೊತ್ತು ಅದುಮಿ ಹಿಡಿದು, ತುರಿಸದೆ ಬಿಟ್ಟರೆ ಸಾಮಾನ್ಯವಾಗಿ ಬೇರೇನೂ ಮಾಡಬೇಕಾಗಿಲ್ಲ. ನಿಜವಾದ ಎಚ್ಚರ ಬೇಕಾಗುವುದು ಮಳೆ ನಿಂತು, ಕಾಡು ಒಣಗಿ, ಇಂಬಳದ ಕಾಟ ತಪ್ಪಿತೆಂದು ಪ್ರವಾಸಿಗರು ನಿರಾಳರಾಗುವ ತಿಂಗಳುಗಳಲ್ಲಿ, ಏಕೆಂದರೆ ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಉಣುಗಿನ ಮರಿಗಳು ಹೆಚ್ಚುವುದು ಆಗಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಂಗ ಕಚ್ಚುವುದರಿಂದ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ; ವಾಸ್ತವದಲ್ಲಿ ಮಂಗಗಳೂ ಆ ವೈರಾಣುವಿಗೆ ಬಲಿಯಾಗುವ ಜೀವಿಗಳೇ, ಅದನ್ನು ಮನುಷ್ಯರಿಗೆ ಮುಖ್ಯವಾಗಿ ದಾಟಿಸುವುದು ಉಣುಗು. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ತರಗೆಲೆಯಲ್ಲಿ ಉಳಿದಿರುವುದರಿಂದ ಅಂಥ ಜಾಗದ ಹತ್ತಿರ ಸುಳಿಯಬಾರದು. ಚರ್ಮಕ್ಕೆ ಕಚ್ಚಿಕೊಂಡ ಉಣುಗನ್ನು ಸೀಮೆಎಣ್ಣೆ ಸುರಿದೋ ಬೆಂಕಿ ತಾಗಿಸಿಯೋ ಬಿಡಿಸುವ ರೂಢಿಯೂ ಸರಿಯಲ್ಲ. ಚಿಮುಟದಿಂದ ಚರ್ಮದ ಮಟ್ಟದಲ್ಲೇ ಹಿಡಿದು ನೇರವಾಗಿ ಎಳೆಯಬೇಕು, ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ನೋವಿಲ್ಲದಿದ್ದರೆ ವಿಷವೇರಿಲ್ಲ ಎಂಬ ನಂಬಿಕೆ ಪ್ರಾಣಕ್ಕೇ ಎರವಾಗುವುದು ಹಾವಿನ ವಿಷಯದಲ್ಲಿ. ರಾತ್ರಿ ಸಂಚರಿಸುವ ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚಿದಾಗ ನೋವಾಗಲಿ ಬಾವಾಗಲಿ ಇಲ್ಲದಿರಬಹುದು, ಹಲ್ಲಿನ ಗುರುತೂ ಕಾಣದಿರಬಹುದು. ಕೆಲವು ಗಂಟೆಗಳ ಬಳಿಕ ಹೊಟ್ಟೆನೋವು ಶುರುವಾಗಿ, ಕಣ್ಣಿನ ರೆಪ್ಪೆಗಳು ಜೋತುಬಿದ್ದು, ಮಾತು ತೊದಲತೊಡಗಿದಾಗಲೇ ವಿಷ ಗೊತ್ತಾಗುತ್ತದೆ. ಅದರ ನರವಿಷ, ಅಂದರೆ ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ತಡೆಯುವ ವಿಷ, ಒಮ್ಮೆ ನರತುದಿಗಳನ್ನು ಕೆಡಿಸಿದ ಮೇಲೆ ಔಷಧದಿಂದ ಅವನ್ನು ತಕ್ಷಣ ಸರಿಪಡಿಸಲಾಗದ ಕಾರಣ, ಅವು ಚೇತರಿಸುವವರೆಗೆ ರೋಗಿಯನ್ನು ವೆಂಟಿಲೇಟರಿನ ಆಸರೆಯಲ್ಲಿ ಉಳಿಸಿಕೊಳ್ಳಬೇಕಾಗಬಹುದು. ಕಾಡಂಚಿನ ತಂಗುದಾಣಗಳಲ್ಲಿ ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಸೊಳ್ಳೆಯಷ್ಟೇ ಅಲ್ಲ, ಈ ಹಾವನ್ನೂ ದೂರವಿಡುತ್ತದೆ.

ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿದು, ಗಾಯವನ್ನು ಬ್ಲೇಡಿನಿಂದ ಕೊಯ್ದು, ಬಾಯಿಂದ ವಿಷ ಹೀರುವ ಚಿತ್ರವನ್ನು ಸಿನಿಮಾಗಳು ಜನಮನದಲ್ಲಿ ಗಟ್ಟಿಗೊಳಿಸಿವೆ. ಹೀರುವುದರಿಂದ ಹೊರಬರುವ ವಿಷ ನಗಣ್ಯ. ಕೊಯ್ದ ಗಾಯವಾದರೋ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕುಗ್ಗಿಸುವ ಕೊಳಕುಮಂಡಲದಂಥ ಹಾವು ಕಚ್ಚಿದ್ದರೆ ನಿಲ್ಲದ ರಕ್ತಸ್ರಾವಕ್ಕೆ ಬಾಗಿಲು ತೆರೆಯುತ್ತದೆ. ಬಿಗಿದ ಹಗ್ಗದಿಂದ ರಕ್ತ ಸಂಚಾರ ನಿಂತು ಕೈಕಾಲು ಕೊಳೆತು ಕತ್ತರಿಸಬೇಕಾಗಿ ಬಂದ ಪ್ರಸಂಗಗಳು ವೈದ್ಯರಿಗೆ ಹೊಸವಲ್ಲ. ಇಷ್ಟಾದರೂ ಬೇರು, ಮಂತ್ರ, ವಿಷಕಲ್ಲುಗಳ ಖ್ಯಾತಿ ಉಳಿದಿರುವುದಕ್ಕೆ ಸರಳವಾದ ಕಾರಣವಿದೆ: ಬಹುಪಾಲು ಹಾವುಗಳು ವಿಷರಹಿತ, ವಿಷದ ಹಾವುಗಳೂ ಅನೇಕ ಸಲ ವಿಷ ಬಿಡದೆ ಕಚ್ಚುತ್ತವೆ, ಹೀಗೆ ತಾನಾಗಿ ಬದುಕುವವರೆಲ್ಲರ ಶ್ರೇಯಸ್ಸು ಬೇರು ಕೊಟ್ಟವರಿಗೆ ಸಲ್ಲುತ್ತದೆ. ಮಾಡಬೇಕಾದದ್ದು ಇಷ್ಟೇ: ಉಂಗುರ, ಬಳೆಗಳನ್ನು ತೆಗೆದು, ಕಚ್ಚಿಸಿಕೊಂಡ ಕೈಯನ್ನೋ ಕಾಲನ್ನೋ ಪಟ್ಟಿಯ ಆಸರೆಯಲ್ಲಿ ಅಲುಗದಂತಿರಿಸಿ, ನಡೆಸದೆ ಆಸ್ಪತ್ರೆಗೆ ಸಾಗಿಸುವುದು. ಹಾವನ್ನು ಕೊಂದು ತರುವುದು ಇನ್ನೊಬ್ಬರಿಗೆ ಕಡಿತದ ಅಪಾಯ ತಂದೊಡ್ಡುವ ಕೆಲಸ.

ಆಸ್ಪತ್ರೆಯಲ್ಲಿ ಪ್ರತಿವಿಷವನ್ನು ಕೂಡಲೇ ಕೊಡಲಿಲ್ಲವೆಂದು ಜಗಳ ತೆಗೆಯುವವರೂ ಇದ್ದಾರೆ. ಪ್ರತಿವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ವಿಷ ಚುಚ್ಚಿ ಅವುಗಳ ರಕ್ತದಿಂದ ತಯಾರಿಸುವುದರಿಂದ ಅದರಿಂದಲೇ ತೀವ್ರ ಅಲರ್ಜಿ ಉಂಟಾಗಬಹುದು. ಆದ್ದರಿಂದ ವಿಷದ ಲಕ್ಷಣ ಕಂಡರೆ, ಅಥವಾ ಗಾಜಿನ ಕೊಳವೆಯಲ್ಲಿ ಅಲುಗಿಸದೆ ಇಟ್ಟ ರಕ್ತ 20 ನಿಮಿಷಗಳಲ್ಲಿ ಹೆಪ್ಪುಗಟ್ಟದಿದ್ದರೆ ಮಾತ್ರ ಕೊಡುತ್ತಾರೆ, ಮಗುವಿಗೂ ದೊಡ್ಡವರಷ್ಟೇ ಪ್ರಮಾಣದಲ್ಲಿ, ಏಕೆಂದರೆ ಹಾವು ಬಿಡುವ ವಿಷ ಇಬ್ಬರಿಗೂ ಒಂದೇ. ಭಾರತದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕರ ವಿಷವನ್ನು ಆಧರಿಸಿದ್ದು, ಘಟ್ಟದಲ್ಲಿರುವ ಗೂನುಮೂಗಿನ ಗುಳಿಮಂಡಲಕ್ಕೆ ಅದರಿಂದ ಪ್ರಯೋಜನವಿಲ್ಲ. ಮೂತ್ರಪಿಂಡ ಕೆಡಿಸಬಲ್ಲ ಆ ಕಡಿತಕ್ಕೆ ಡಯಾಲಿಸಿಸ್ ಮೊದಲಾದ ಆಸರೆಯ ಚಿಕಿತ್ಸೆಯೇ ಗತಿ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ.

ಚೇಳುಗಳಲ್ಲಿ ಗಾತ್ರದ ಲೆಕ್ಕ ತಲೆಕೆಳಗಾಗುತ್ತದೆ: ದೊಡ್ಡ ಕರಿಚೇಳಿಗಿಂತ ಚಿಕ್ಕ ಕೆಂಪು ಚೇಳು ಹೆಚ್ಚು ಅಪಾಯಕಾರಿ, ಅದರ ವಿಷ ಹೃದಯವನ್ನು ದಣಿಸಿ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ರಕ್ತದೊತ್ತಡದ ಔಷಧವಾದ ಪ್ರಾಜೋಸಿನ್ ಇದಕ್ಕೆ ಮದ್ದಾಗಬಲ್ಲದೆಂದು ಕೊಂಕಣದ ಮಹಾಡ್‌ನಲ್ಲಿ ವೈದ್ಯ ಹಿಮ್ಮತರಾವ್ ಬಾವಸ್ಕರ್ ತೋರಿಸಿಕೊಟ್ಟರು. ಜೇನಿನ ಮುಳ್ಳನ್ನು ಹೇಗೆ ಕೀಳಬೇಕೆಂಬ ಚರ್ಚೆಗಿಂತ ಬೇಗ ಕೀಳುವುದು ಮುಖ್ಯ. ಹೆಜ್ಜೇನು ಎದ್ದಾಗ ಬಿದ್ದು ಮಲಗುವುದಲ್ಲ, ಮುಖ ಮುಚ್ಚಿಕೊಂಡು ದೂರ ಓಡುವುದೇ ಸರಿ.

ದೇವಸ್ಥಾನದ ಮಂಗವೋ ಕಡಲತೀರದ ನಾಯಿಯೋ ಪರಚಿದಾಗ ರಕ್ತ ಬಂದಿಲ್ಲವೆಂದು ಸುಮ್ಮನಾಗುವುದು ಹೊರಗುರುತು ನೋಡಿ ಅಪಾಯ ಅಳೆಯುವ ಅದೇ ತಪ್ಪಿನ ಇನ್ನೊಂದು ರೂಪ, ಏಕೆಂದರೆ ರಕ್ತ ಕಾಣದ ಪರಚುಗಾಯಕ್ಕೂ ರೇಬೀಸ್ ಲಸಿಕೆ ಬೇಕು. ಖಾರದ ಪುಡಿ, ಸುಣ್ಣ, ಅರಿಸಿನ ಮೆತ್ತುವ ಬದಲು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದರೆ, ವೈರಾಣುವಿನ ಕೊಬ್ಬಿನ ಹೊರಪದರ ಒಡೆದು ಅದರಲ್ಲಿ ಹೆಚ್ಚಿನ ಪಾಲು ನಾಶವಾಗುತ್ತದೆ. ಚರ್ಮ ಸೀಳಿ ರಕ್ತ ಬಂದ ಗಾಯವಾದರೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲೋಬ್ಯುಲಿನ್ ಮದ್ದನ್ನು ಗಾಯಕ್ಕೇ ಚುಚ್ಚಬೇಕು, ಏಕೆಂದರೆ ಲಸಿಕೆ ತನ್ನ ರಕ್ಷಣೆ ಕಟ್ಟಿಕೊಡಲು ಕೆಲವು ದಿನಗಳು ಹಿಡಿಯುತ್ತವೆ. ಹೊಕ್ಕುಳ ಸುತ್ತ 14 ಚುಚ್ಚುಮದ್ದೆಂಬ ಭಯಕ್ಕೆ ಕಾರಣವಾಗಿದ್ದ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ ಭಾರತದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗಿನದು ತೋಳಿಗೆ ನಾಲ್ಕೋ ಐದೋ ಸರದಿಗಳಲ್ಲಿ ಮುಗಿಯುತ್ತದೆ. ಗೋಕರ್ಣದಲ್ಲಿ ಮೊದಲ ಡೋಸ್ ಪಡೆದವರು ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ಉಳಿದದ್ದನ್ನು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಪಡೆಯಬಹುದು. ತಾರೀಕೊಂದು ತಪ್ಪಿದರೂ ಮೊದಲಿನಿಂದ ಆರಂಭಿಸಬೇಕಿಲ್ಲ, ಬಿಟ್ಟುಹೋದ ಡೋಸನ್ನು ಆದಷ್ಟು ಬೇಗ ಪಡೆದು ಮುಂದುವರಿಸಿದರೆ ಸಾಕು.