ಕೋಡ್ ನೋಡಿ ಕಸುಬು ಅಳೆಯಬಹುದೆ?

ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ದಿನವೂ ಬರೆದಿಡುವುದು ಕೊಡಗಿನ ಕಾಫಿ ಬೆಳೆಗಾರರ ಹಳೆಯ ರೂಢಿ. ಮಾದಾಪುರದ ಒಂದು ತೋಟದ ಜುಲೈ ಮಳೆಯನ್ನು ಕೂಡಿಸಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬೇಕು ಎಂದಿಟ್ಟುಕೊಳ್ಳಿ. ಸಿ ಭಾಷೆಯಲ್ಲಿ ಪಳಗಿದವರು ಇಲ್ಲೂ ಸೊನ್ನೆಯಿಂದ ಮೂವತ್ತರವರೆಗೆ ಎಣಿಸುತ್ತ, ಒಂದೊಂದೇ ಅಂಕಿ ಹೆಕ್ಕಿ ಕೂಡಿಸುವ ಲೂಪ್ ಬರೆಯುತ್ತಾರೆ. ಪೈಥಾನ್‌ನಲ್ಲೇ ಕೈಪಳಗಿದವರು ‘ಸಮ್’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಸಂದರ್ಶನ ಮಾಡುವವರ ಕಣ್ಣಿಗೆ ಮೊದಲನೆಯವರು ಹೊಸಬರು. ಆದರೆ ಆ ಲೂಪ್‌ನಿಂದ ತಿಳಿಯುವುದು ಅವರು ಯಾವ ಭಾಷೆಯಿಂದ ಬಂದವರು ಎಂಬುದಷ್ಟೆ. ಪುಸ್ತಕದಲ್ಲಿ ಒಂದು ದಿನ ಖಾಲಿ ಬಿಟ್ಟಿದೆ ಎನ್ನಿ. ಅಂದು ಮಳೆಯೇ ಬರಲಿಲ್ಲವೋ, ಬಂದದ್ದನ್ನು ಯಾರೂ ಅಳೆಯಲಿಲ್ಲವೋ? ಖಾಲಿಯನ್ನು ಸದ್ದಿಲ್ಲದೆ ಸೊನ್ನೆ ಮಾಡಿಕೊಳ್ಳುವ ಚೆಂದದ ಸಾಲಿಗಿಂತ ‘ಒಂದು ದಿನದ ಅಳತೆ ಇಲ್ಲ’ ಎಂದು ಎಚ್ಚರಿಸುವ ಒರಟು ಲೂಪ್ ಮೇಲು. ಜುಲೈಯಲ್ಲಂತೂ ಒಂದೇ ದಿನಕ್ಕೆ ಹಲವು ಇಂಚು ಸುರಿಯುವ ಸೀಮೆಯಿದು.

ಹಾಗಾದರೆ ಶೈಲಿಗೆ ಬೆಲೆಯೇ ಇಲ್ಲವೆ? ಇದೆ. ಎಲಿಯಟ್ ಸೊಲೊವೆ ಮತ್ತು ಕೇಟ್ ಎರ್ಲಿಚ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ರೂಢಿಯಂತೆ ಬರೆದ ಪ್ರೋಗ್ರಾಂಗಳನ್ನು ಅನುಭವಿಗಳು ಹೊಸಬರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. ರೂಢಿ ಮುರಿದಾಗ ಅವರ ಮೇಲುಗೈ ಬಹುಮಟ್ಟಿಗೆ ಕರಗಿತು. ಗರಿಷ್ಠ ಎಂದು ಹೆಸರಿಟ್ಟು ಕನಿಷ್ಠವನ್ನು ತುಂಬಿಸಿದರೆ ಯಾರಾದರೂ ಎಡವಬೇಕಾದ್ದೆ. ಆದರೆ ರೂಢಿ ಭಾಷೆಗೊಂದು. ಒಂದು ಸಾಲಿನಿಂದ ಇನ್ನೊಂದಕ್ಕೆ ನೇರ ಜಿಗಿಸುವ ‘ಗೋಟು’ ಬಳಸುವುದು ಹಾನಿಕರ ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲೇ ವಾದಿಸಿದ್ದರು, ಜಾವಾದಲ್ಲಿ ಆ ಸೌಲಭ್ಯವೇ ಇಲ್ಲ. ಸಿ ಭಾಷೆಯ ಲಿನಕ್ಸ್ ಕರ್ನಲ್‌ನಲ್ಲಾದರೋ, ಕೆಲಸ ನಡುವೆ ಕೆಟ್ಟಾಗ ಹಿಡಿದದ್ದನ್ನೆಲ್ಲ ಬಿಟ್ಟು ಹೊರಬರಲು ಅದು ಒಪ್ಪಿತ ದಾರಿ. ಇನ್ನು ಸಾಲುಗಳ ಓರಣ: ಗೋ ಭಾಷೆಯ ‘ಗೋಫ್ಮಟ್’ ಎಲ್ಲರ ಕೋಡನ್ನೂ ಒಂದೇ ಅಚ್ಚಿಗೆ ತರುತ್ತದೆ, ಅದನ್ನು ನೋಡಿ ಅಂಕ ಕೊಡುವಂತಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. 2015ರ ಒಂದು ಅಧ್ಯಯನ ಗೂಗಲ್ ಕೋಡ್ ಜ್ಯಾಮ್ ಸ್ಪರ್ಧೆಯ 250 ಮಂದಿಯ ಕೋಡನ್ನು ಯಾರು ಬರೆದದ್ದೆಂದು ಶೈಲಿಯಿಂದಲೇ ಶೇ. 90ಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿತು. ನುರಿತವರ ಗುರುತು ಇನ್ನೂ ಸುಲಭವಾಗಿತ್ತು. ಅಂದರೆ ಕಸುಬು ಶೈಲಿಯಲ್ಲಿ ಗುರುತು ಬಿಡುತ್ತದೆ, ಒಪ್ಪೋಣ. ಆದರೆ ಇದು ಯಾರ ಕೈ ಎಂದು ತಿಳಿದರೆ ಆ ಕೈ ಎಷ್ಟು ನುರಿತದ್ದು ಎಂದು ತಿಳಿದಂತಾಗದು. ಅಲ್ಲದೆ ಸ್ಪರ್ಧೆಯ ಕೋಡನ್ನು ಮರುವರ್ಷ ತೆರೆದು ತಿದ್ದುವ ಪಾಡು ಯಾರಿಗೂ ಇರುವುದಿಲ್ಲ; ಕಸುಬಿನ ಬಹುಪಾಲು ಅಂಥ ತಿದ್ದುವಿಕೆಯೇ. ಅದೇ ಮಳೆ ಲೆಕ್ಕವನ್ನು ಇಂಚಿನಿಂದ ಮಿಲಿಮೀಟರಿಗೆ ಬದಲಿಸಲು ಹೇಳಿ ನೋಡಿ. 25.4 ಎಂಬ ಗುಣಕವನ್ನು ಒಂದೇ ಕಡೆ ಸೇರಿಸಿದರೆ ಸಾಕಾಗುವಂತೆ ಬರೆದವರು ಯಾರು, ಹತ್ತು ಕಡೆ ಹುಡುಕಿ ತಿದ್ದಬೇಕಾಗುವಂತೆ ಬರೆದವರು ಯಾರು ಎಂಬುದು ಸಿ ಆದರೂ ಪೈಥಾನ್ ಆದರೂ ಅಲ್ಲಿ ಗೊತ್ತಾಗುತ್ತದೆ.