ಮಗುವಿನ ಮೇಲ್ತುಟಿಯ ಕಟ್ಟು: ಶಸ್ತ್ರಚಿಕಿತ್ಸೆ ಯಾವಾಗ? ಆರೈಕೆ ಹೇಗೆ?

ಮಗುವಿನ ಮೇಲ್ತುಟಿಯನ್ನು ಮೆಲ್ಲನೆ ಎತ್ತಿ ನೋಡಿದರೆ, ತುಟಿಯ ಒಳಮೈಯನ್ನು ವಸಡಿಗೆ ಸೇರಿಸುವ ತೆಳುವಾದ ಪಟ್ಟಿಯೊಂದು ನಡುವೆ ಕಾಣುತ್ತದೆ. ಇದೇ ತುಟಿಯ ಕಟ್ಟು. ವೈದ್ಯರು ಇದನ್ನು ಫ್ರೀನಮ್ ಎನ್ನುವರು. ಇದು ಎಲ್ಲರಿಗೂ ಇರುತ್ತದೆ. ಕೆಲವರಲ್ಲಿ ಮಾತ್ರ ದಪ್ಪನಾಗಿ ಮುಂಬಲ್ಲುಗಳ ನಡುವಿನವರೆಗೂ ಇಳಿದು, ಅಲ್ಲಿ ಸಂದು ಉಳಿಯಲು ಅಥವಾ ವಸಡು ಜಗ್ಗಲು ಕಾರಣವಾಗುವುದುಂಟು.

ಆತುರ ಬೇಡ

ಎಳೆಯ ಮಕ್ಕಳಲ್ಲಿ ಕಟ್ಟು ಕೆಳಗಿರುವುದು ಸಹಜ. ದವಡೆ ಬೆಳೆದಂತೆ ಅದು ಮೇಲಕ್ಕೆ ಸರಿಯುತ್ತದೆ. 7-8ನೆಯ ವಯಸ್ಸಿನಲ್ಲಿ ಬರುವ ಶಾಶ್ವತ ಮುಂಬಲ್ಲುಗಳ ನಡುವಣ ಸಂದು, 11-12ನೆಯ ವಯಸ್ಸಿನಲ್ಲಿ ಕೋರೆಹಲ್ಲುಗಳು ಮೂಡಿದಾಗ ಬಹುಮಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೆಣ್ಣುಮಗುವಿನ ಮದುವೆಗೆ ಅಡ್ಡಿಯಾದೀತೆಂದು ಅಂಜಬೇಕಾಗಿಲ್ಲ. ಕಟ್ಟನ್ನು ಮನೆಯಲ್ಲಿ ಬ್ಲೇಡಿನಿಂದ ಕೊಯ್ಯುವುದು, ದಾರದಿಂದ ಬಿಗಿಯುವುದು ಸರ್ವಥಾ ಕೂಡದು. ಇದರಿಂದ ರಕ್ತಸ್ರಾವ, ಕೀವು, ಧನುರ್ವಾಯು ಉಂಟಾಗಬಹುದು.

ಯಾವಾಗ ಅವಶ್ಯ?

ಕೋರೆಹಲ್ಲು ಬಂದ ಮೇಲೂ ಸಂದು ಉಳಿದಿದ್ದರೆ, ತುಟಿಯನ್ನೆತ್ತಿದಾಗ ಹಲ್ಲುಗಳ ನಡುವಣ ವಸಡು ಬಿಳಿಚಿಕೊಂಡರೆ, ಅಥವಾ ಯಾವ ವಯಸ್ಸಿನಲ್ಲಾಗಲಿ ವಸಡು ಹಲ್ಲನ್ನು ಬಿಟ್ಟು ಸರಿಯತೊಡಗಿದರೆ, ದಂತವೈದ್ಯರಿಗೆ ತೋರಿಸಿರಿ. ತಂತಿ ಹಾಕಿ ಸಂದನ್ನು ಮುಚ್ಚಬೇಕಾದಲ್ಲಿ ಸಾಮಾನ್ಯವಾಗಿ ಆ ಚಿಕಿತ್ಸೆಯೇ ಮೊದಲು, ಶಸ್ತ್ರಚಿಕಿತ್ಸೆ ಅನಂತರ.

ಇದು ಚಿಕ್ಕ ಶಸ್ತ್ರಚಿಕಿತ್ಸೆ. ಚುಚ್ಚುಮದ್ದಿನಿಂದ ಆ ಜಾಗವನ್ನು ಮಾತ್ರ ಮರಗಟ್ಟಿಸಿ, ಕಟ್ಟನ್ನು ಕತ್ತರಿಸಿ ತೆಗೆದು, ಹೊಲಿಗೆ ಹಾಕುವರು. ಸಾಮಾನ್ಯವಾಗಿ ಅಂದೇ ಮನೆಗೆ ಮರಳಬಹುದು. ಮಗುವಿಗೆ ರಕ್ತ ಬೇಗ ನಿಲ್ಲದ ದೋಷ ಅಥವಾ ಹೃದ್ರೋಗವಿದ್ದರೆ ಮೊದಲೇ ತಿಳಿಸಿರಿ.

ಅನಂತರದ ಆರೈಕೆ

1. ತುಟಿಯ ಮರಗಟ್ಟು ಇಳಿಯುವವರೆಗೆ ಊಟ ಕೊಡಬೇಡಿ. ಮಗು ಅರಿಯದೆ ತುಟಿ ಕಚ್ಚಿಕೊಳ್ಳಬಹುದು.

2. ಮೊದಲ ದಿನ ಬಾಯಿ ಮುಕ್ಕಳಿಸದೆ, ಆರಿದ ಗಂಜಿ, ಮಜ್ಜಿಗೆ ಅನ್ನ ಕೊಡಿರಿ. ಬಿಸಿ, ಖಾರ, ಗಟ್ಟಿ ಪದಾರ್ಥ ಬೇಡ.

3. ಮಾರನೆಯ ದಿನದಿಂದ ಊಟದ ನಂತರ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲನೆ ಮುಕ್ಕಳಿಸಲಿ. ಗಾಯಕ್ಕೆ ತಗಲದಂತೆ ಉಳಿದ ಹಲ್ಲುಗಳನ್ನು ಉಜ್ಜಿರಿ.

4. ಗಾಯದ ಮೇಲೆ ಬಿಳಿ-ಹಳದಿ ಪೊರೆ ಕಟ್ಟುತ್ತದೆ. ಅದು ಕೀವಲ್ಲ, ಮಾಯುವ ಲಕ್ಷಣ, ಕೆರೆಯಬೇಡಿ. ಅರಿಸಿನ, ಸುಣ್ಣ, ಹೊಗೆಸೊಪ್ಪು ಹಚ್ಚಬೇಡಿ.

5. ತುಟಿಯನ್ನು ಪದೇಪದೇ ಎತ್ತಿ ನೋಡಬೇಡಿ. ಹೊಲಿಗೆ ಬಿಚ್ಚಲು ವೈದ್ಯರು ಹೇಳಿದ ದಿನ ತಪ್ಪದೆ ಹೋಗಿರಿ.

ಗಾಯದ ಮೇಲ್ಭಾಗ 1-2 ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಒಳಭಾಗ ಪೂರ್ತಿ ಮಾಯಲು ಇನ್ನೂ ಕೆಲವು ವಾರಗಳು ಬೇಕು. ಶುಭ್ರವಾದ ಬಟ್ಟೆಯಿಂದ 20 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, 3 ದಿನಗಳ ನಂತರ ಬಾವು ಹೆಚ್ಚಿದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾಯಬೇಕಾದಲ್ಲಿ ಕಾಯುವುದು, ತೋರಿಸಬೇಕಾದಾಗ ತಡಮಾಡದಿರುವುದು ತಂದೆತಾಯಿಯರಿಬ್ಬರ ಕರ್ತವ್ಯ.